ಮರೆಗುಳಿ ಯಂತ್ರದ ಬಿಲ್ಲೆ

ದೇವಾಲಯದ ಬಾಗಿಲಲ್ಲಿ ಪಾದರಕ್ಷೆಗಳನ್ನು ಒಪ್ಪಿಸಿದಾಗ ಕಾಯುವವನು ನಮಗೊಂದು ಬಿಲ್ಲೆಯನ್ನು ಕೊಡುತ್ತಾನೆ. ನೂರಾರು ಜನರ ನಡುವೆ ನಮ್ಮ ಮುಖ ಅವನಿಗೆ ನೆನಪಿರಲಾರದು. ಬಿಲ್ಲೆಯ ಮೇಲಿನ ಅಂಕಿಯೇ ಸಾಕು. ಅಂತರಜಾಲದ ವ್ಯವಹಾರದ ಬಹುಭಾಗ ಇಂಥದೇ ಬಿಲ್ಲೆಯನ್ನು ನಂಬಿ ನಡೆಯುತ್ತದೆಂದರೆ ವಾಚಕರಿಗೆ ಆಶ್ಚರ್ಯವಾಗಬಹುದು.

ಜಾಲತಾಣದ ಪುಟಗಳನ್ನು ಕಳುಹಿಸುವ ಯಂತ್ರಕ್ಕೆ ಸರ್ವರ್ ಎಂದು ಹೆಸರು. ಅದರೊಡನೆ ನಮ್ಮ ಬ್ರೌಸರು ವ್ಯವಹರಿಸುವ ನಿಯಮಾವಳಿಯೇ ಎಚ್‌ಟಿಟಿಪಿ. ಇದರಂತೆ ಪ್ರತಿಯೊಂದು ಕೋರಿಕೆಯೂ ಸ್ವತಂತ್ರ. ಹಿಂದಿನದರ ನೆನಪು ಮುಂದಿನದಕ್ಕಿಲ್ಲ. ಅಂಗಡಿಯ ತಾಣದಲ್ಲಿ ಪುಸ್ತಕವೊಂದನ್ನು ಆರಿಸಿ ಮುಂದಿನ ಪುಟಕ್ಕೆ ಹೋದೊಡನೆ ನಾವು ಮತ್ತೆ ಅಪರಿಚಿತರು! ಈ ತೊಡಕನ್ನು ಬಿಡಿಸಿದವರು ಅಮೆರಿಕದ ನೆಟ್‌ಸ್ಕೇಪ್ ಸಂಸ್ಥೆಯಲ್ಲಿದ್ದ ಲೂ ಮಾಂಟುಲಿ. 1994ರಲ್ಲಿ ಅವರು ರೂಪಿಸಿದ ಉಪಾಯವೇ ಕುಕಿ. ಸರ್ವರ್ ಕೊಟ್ಟ ಪುಟ್ಟ ಬರಹವೊಂದನ್ನು ಬ್ರೌಸರು ಕಾಪಿಟ್ಟು, ಅದೇ ತಾಣಕ್ಕೆ ಹೋಗುವ ಪ್ರತಿ ಕೋರಿಕೆಯೊಡನೆಯೂ ಮರಳಿ ತೋರಿಸುತ್ತದೆ.

ಜಾಲತಾಣ ಕಟ್ಟುವವರಿಗೆ ಒದಗುವ ಸಿದ್ಧ ಚೌಕಟ್ಟುಗಳಲ್ಲಿ, 2005ರಲ್ಲಿ ಬಿಡುಗಡೆಯಾದ ಜ್ಯಾಂಗೋ ಒಂದು. ಅದನ್ನೇ ಉದಾಹರಣೆಯಾಗಿ ನೋಡೋಣ. ನಮ್ಮ ಹೆಸರನ್ನೂ ಗುಪ್ತಪದವನ್ನೂ ಪರೀಕ್ಷಿಸಿದ ಮೇಲೆ ಅದು ‘ಸೆಷನ್’ ಎಂಬ ಖಾತೆಯನ್ನು ತೆರೆದು, ವಿವರಗಳನ್ನು ಸಾಮಾನ್ಯವಾಗಿ ಸರ್ವರಿನ ದತ್ತಸಂಚಯದಲ್ಲಿಯೇ ಇರಿಸುತ್ತದೆ. ಕುಕಿಯಲ್ಲಿ ಹೋಗುವುದು 32 ಅಕ್ಷರಗಳ ಗುರುತು ಮಾತ್ರ. ಪಾದರಕ್ಷೆಯ ಬಿಲ್ಲೆಯಂತೆ ಒಂದು, ಎರಡು ಎಂದು ಕ್ರಮವಾಗಿದ್ದರೆ ಇನ್ನೊಬ್ಬರ ಗುರುತನ್ನು ಯಾರಾದರೂ ಊಹಿಸಬಹುದಷ್ಟೆ. ಆದಕಾರಣ ಈ ಅಕ್ಷರಗಳಿಗೆ ಯಾವ ಕ್ರಮವೂ ಇರುವುದಿಲ್ಲ. ಬೇರೆ ಏರ್ಪಾಡಿಲ್ಲದಿದ್ದರೆ ಅದರ ಆಯುಷ್ಯ ಎರಡು ವಾರ.

ಅಪಾಯವಿರುವುದೂ ಇಲ್ಲಿಯೇ. ಬಿಲ್ಲೆಯನ್ನು ತಂದವನೇ ಒಡೆಯ! 2010ರಲ್ಲಿ ಎರಿಕ್ ಬಟ್ಲರ್ ಎಂಬವರು ಫೈರ್‌ಶೀಪ್ ಎಂಬ ಸಾಧನವನ್ನು ಪ್ರಕಟಿಸಿ ಇದನ್ನು ಲೋಕಕ್ಕೆ ತೋರಿಸಿಕೊಟ್ಟರು. ಎಲ್ಲರಿಗೂ ತೆರೆದಿಟ್ಟ ವೈಫೈ ಇದ್ದೆಡೆ, ಪಕ್ಕದಲ್ಲಿ ಕುಳಿತವರ ಕುಕಿಯನ್ನು ಹಿಡಿದು, ಗುಪ್ತಪದವನ್ನರಿಯದೆಯೇ ಅವರ ಫೇಸ್‌ಬುಕ್ ಖಾತೆಯನ್ನು ಹೊಗಬಹುದಾಗಿತ್ತು. ಆಗ ಅನೇಕ ತಾಣಗಳು ಗುಪ್ತಪದವನ್ನು ಗೂಢಲಿಪಿಯಲ್ಲಿ ಸಾಗಿಸಿ, ಕುಕಿಯನ್ನು ಮಾತ್ರ ಬಯಲಾಗಿಯೇ ಕಳುಹಿಸುತ್ತಿದ್ದವು. ಬೀಗವೇನೋ ಭದ್ರ; ಬೀಗದ ಕೈ ಬೀದಿಯಲ್ಲಿ!

ಇದಕ್ಕೆ ಪರಿಹಾರವುಂಟು. ಕುಕಿಗೆ ‘ಸೆಕ್ಯೂರ್’ ಎಂಬ ಮುದ್ರೆಯಿದ್ದರೆ ಅದು ಗೂಢಲಿಪಿಯ ಮಾರ್ಗದಲ್ಲಿ ಮಾತ್ರ ಸಂಚರಿಸುತ್ತದೆ. ‘ಎಚ್‌ಟಿಟಿಪಿ ಓನ್ಲಿ’ ಎಂಬ ಮುದ್ರೆಯಿದ್ದರೆ ಪುಟದೊಳಗೆ ನುಸುಳಿದ ಕಿಡಿಗೇಡಿ ಆದೇಶಗಳು ಅದನ್ನು ಓದಲಾರವು. ಜ್ಯಾಂಗೋ ಎರಡನೆಯದನ್ನು ತಾನಾಗಿಯೇ ಒತ್ತುತ್ತದೆ. ಮೊದಲನೆಯದನ್ನು ತಾಣ ಕಟ್ಟುವವರೇ ಮರೆಯದೆ ಒತ್ತಿಸಬೇಕು.

ನಮ್ಮ ಪಾಲಿನ ಕರ್ತವ್ಯವೂ ಒಂದಿದೆ. ಪುಟವನ್ನು ಮುಚ್ಚಿದ ಮಾತ್ರಕ್ಕೆ ಸರ್ವರಿನಲ್ಲಿರುವ ಖಾತೆ ಅಳಿಯದು. ‘ಲಾಗ್ ಔಟ್’ ಎಂಬುದನ್ನು ಒತ್ತಿದರೆ ಜ್ಯಾಂಗೋ ಆ ಸೆಷನ್ನನ್ನೇ ಅಳಿಸಿಬಿಡುತ್ತದೆ. ಅನಂತರ ಕಳ್ಳನ ಕೈಯಲ್ಲಿ ಉಳಿಯುವುದು ಬೆಲೆಯಿಲ್ಲದ ಬಿಲ್ಲೆ. ಹತ್ತು ಜನ ಬಳಸುವ ಕಂಪ್ಯೂಟರಿನಿಂದ ಏಳುವ ಮುನ್ನ ಈ ಒಂದು ಕೆಲಸವನ್ನು ನಾವು ಮರೆಯಬಾರದು.