ಎಕರೆಗೆ ಹದಿಮೂರು ಮಂದಿ

ಒಂದು ನಿವೇಶನಕ್ಕೆ ಒಂದೇ ಮನೆ, ಮನೆಯ ಮುಂದೆ ಇಷ್ಟು ಅಡಿ, ಪಕ್ಕದಲ್ಲಿ ಇಷ್ಟು ಅಡಿ ತೆರಪು, ಅಂಗಡಿಗಳಿಗೆ ಬೇರೆ ಬೀದಿ, ಕಾರ್ಖಾನೆಗಳಿಗೆ ಊರಿನ ಮತ್ತೊಂದು ದಿಕ್ಕು ಎಂದು ಹೀಗೆ ನೆಲವನ್ನು ವಲಯಗಳಾಗಿ ವಿಭಾಗಿಸುವ ಅಧಿಕಾರವು ಪೌರಸಂಸ್ಥೆಗಳಿಗೆ ಉಂಟೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 1926ರಲ್ಲಿ, ಒಹಾಯೊ ರಾಜ್ಯದ ಯೂಕ್ಲಿಡ್ ಎಂಬ ಊರಿನ ಮೊಕದ್ದಮೆಯಲ್ಲಿ ತೀರ್ಪಿತ್ತಿತು. ವಸತಿಗಳ ಮಗ್ಗುಲಲ್ಲಿ ಕಾರ್ಖಾನೆ ಏಳದಂತೆ ತಡೆದ ಈ ವ್ಯವಸ್ಥೆಯ ಉಪಕಾರವನ್ನು ಅಲ್ಲಗಳೆಯಲಾಗದು. ಆದರೆ ನಿಯಮವು ಒಂದೊಂದು ನಿವೇಶನವನ್ನೂ ಬಿಡಿಬಿಡಿಯಾಗಿ ಅಳೆಯುತ್ತಿದ್ದುದರಿಂದ, ಹಳ್ಳವಿರಲಿ, ದಿಬ್ಬವಿರಲಿ, ಮರಗಳ ತೋಪೇ ಇರಲಿ, ನೆಲವೆಲ್ಲ ಒಂದೇ ಅಳತೆಯ ತುಂಡುಗಳಾಗಿ, ಹಾಲು ತರುವುದಕ್ಕೂ ಕಾರು ಹೊರಡಿಸಬೇಕಾದ ಉಪನಗರಗಳು ಮೈಲುಗಟ್ಟಲೆ ಹಬ್ಬಿದವು.

ಇದಕ್ಕೆ ಪರಿಹಾರವಾಗಿ ಹುಟ್ಟಿದ ಸಡಿಲ ನಿಯಮದ ಸ್ವರೂಪವನ್ನು ತಿಳಿಯುವುದಕ್ಕೆ ವರ್ಜೀನಿಯಾದ ರೆಸ್ಟನ್‌ಗಿಂತ ಉತ್ತಮ ನಿದರ್ಶನವು ನನಗೆ ತೋರದು. ರಾಬರ್ಟ್ ಇ. ಸೈಮನ್ ಎಂಬವರು ನ್ಯೂಯಾರ್ಕಿನ ಕಾರ್ನೆಗಿ ಹಾಲ್ ಮಾರಾಟದಿಂದ ಬಂದ ಹಣವನ್ನು ತೊಡಗಿಸಿ 1961ರಲ್ಲಿ ವಾಷಿಂಗ್ಟನ್ನಿನ ಪಶ್ಚಿಮಕ್ಕೆ 6,750 ಎಕರೆ ನೆಲವನ್ನು ಕೊಂಡರು. ಕೆರೆಯ ದಡದಲ್ಲಿ ಅಂಗಡಿಗಳು, ಅವುಗಳ ಮೇಲೆಯೇ ಮನೆಗಳು, ಪಕ್ಕದಲ್ಲಿ ಗೋಡೆಗೆ ಗೋಡೆ ಸೇರಿದ ಸಾಲುಮನೆಗಳು, ಅನತಿ ದೂರದಲ್ಲಿ ಒಂದು ಬಹುಮಹಡಿ ಕಟ್ಟಡ, ಇವೆಲ್ಲದರ ನಡುವೆ ಕಾಲುದಾರಿಗಳು ಹಾಯುವ ಕಾಡು: ಇದು ಅವರು ಕಲ್ಪಿಸಿದ ಊರು. ಹಳೆಯ ನಿಯಮದಲ್ಲಿ ಇದಕ್ಕೆ ಎಡೆಯಿರಲಿಲ್ಲ. ಆ ನೆಲವು ಸೇರಿದ್ದ ಫೇರ್‌ಫ್ಯಾಕ್ಸ್ ಕೌಂಟಿಯು 1962ರಲ್ಲಿ ಯೋಜಿತ ವಸತಿ ಸಮುದಾಯಕ್ಕೆಂದೇ ಹೊಸದೊಂದು ವಲಯವನ್ನು ರಚಿಸಿತು.

ಇಲ್ಲಿ ನಿವೇಶನದ ಅಳತೆಗೆ ಬದಲಾಗಿ ಜನಸಾಂದ್ರತೆಯೇ ಪ್ರಮಾಣವಾಯಿತು. ಇಡೀ ಪ್ರದೇಶಕ್ಕೆ ಸರಾಸರಿ ಎಕರೆಗೆ 13 ಮಂದಿಯ ಮಿತಿ. ಒಳಗೆ ವಿರಳವಾದ ಭಾಗದಲ್ಲಿ 3.8, ಮಧ್ಯಮದಲ್ಲಿ 14, ನಿಬಿಡವಾದಲ್ಲಿ 60. ಒಂದೆಡೆ ಒತ್ತಾಗಿ ಕಟ್ಟಿದರೆ ಮತ್ತೊಂದೆಡೆ ತೆರಪು ಉಳಿಯತಕ್ಕದ್ದು. ಮನೆಗಳನ್ನು ಜನರ ಲೆಕ್ಕಕ್ಕೆ ತಿರುಗಿಸುವಾಗ ಈಚಿನ ನಿಯಮವು ಒಂಟಿಮನೆಗೆ 3, ಸಾಲುಮನೆಗೆ 2.7, ಬಹುಮಹಡಿ ಕಟ್ಟಡದ ಮನೆಗೆ 2.1 ಮಂದಿಯೆಂದು ಎಣಿಸುತ್ತದೆ. ನೂರು ಎಕರೆಗೆ ಈ ಸರಾಸರಿಯನ್ನೇ ಹಾಕಿ ನೋಡಿದರೆ, 1,300 ಮಂದಿಯ ಅದೇ ಮಿತಿಯೊಳಗೆ ಒಂಟಿಮನೆಗಳಾದರೆ 433, ಬಹುಮಹಡಿಯ ಮನೆಗಳಾದರೆ 619 ಏಳಬಹುದು. ಕಾಗದದ ಮೇಲೆ ಜನಸಂಖ್ಯೆ ಒಂದೇ. ಆದರೆ ಸಂಜೆಯ ರಸ್ತೆಯ ಮೇಲೆ, ಶಾಲೆಯ ಹಾಜರಿ ಪುಸ್ತಕದಲ್ಲಿ, ಒಳಚರಂಡಿಯ ಕೊಳವೆಯಲ್ಲಿ ಅದು ಒಂದೇ ಆಗಿರುವುದೆಂಬ ಭರವಸೆಯಿಲ್ಲ.

ಆದುದರಿಂದಲೇ ಸಡಿಲ ನಿಯಮದಲ್ಲಿ ಪರಿಶೀಲಕರ ಹೊಣೆ ಇಮ್ಮಡಿಯಾಗುತ್ತದೆಂದು ನಾನು ದೃಢವಾಗಿ ನಂಬಿದ್ದೇನೆ. ಹಳೆಯ ಪದ್ಧತಿಯಲ್ಲಿ ಅಳತೆಪಟ್ಟಿ ಹಿಡಿದ ಗುಮಾಸ್ತನು ಹೌದು ಅಲ್ಲ ಎಂದು ಹೇಳಿಬಿಡಬಹುದಾಗಿತ್ತು; ಇಲ್ಲಿ ರಸ್ತೆ, ನೀರು, ಒಳಚರಂಡಿ, ಶಾಲೆ, ಬಯಲು ಎಲ್ಲವನ್ನೂ ಒಳಗೊಂಡ ನಕ್ಷೆಯು ಮೊದಲು ಯೋಜನಾ ಆಯೋಗದ ಮುಂದೆ ಸಾರ್ವಜನಿಕ ವಿಚಾರಣೆಗೆ ಬಂದು, ಬಳಿಕ ಚುನಾಯಿತ ಮಂಡಳಿಯಿಂದ ನಿರ್ಣಯಿಸಲ್ಪಡುತ್ತದೆ. ಆ ವಿಚಾರಣೆಯಲ್ಲಿ ನಿವಾಸಿಗಳು ಕೇಳಲೇಬೇಕಾದ ಪ್ರಶ್ನೆಗಳುಂಟು. ಉದ್ಯಾನವು ಕೊನೆಯ ಮನೆ ಮಾರಾಟವಾದ ಮೇಲೆ ಬರುವುದೋ, ಮೊದಲ ಮನೆಯೊಡನೆಯೇ ಬರುವುದೋ? ಅದರ ನಿರ್ವಹಣೆಯ ವೆಚ್ಚವನ್ನು ಯಾರು ಹೊರತಕ್ಕವರು? ನಕ್ಷೆಯಲ್ಲಿ ಹಸುರು ಬಣ್ಣ ಬಳಿದ ಭಾಗವು ಮುಂದೆಂದೂ ಕಟ್ಟಡಕ್ಕೆ ಒಳಗಾಗದೆಂದು ಕ್ರಯಪತ್ರದಲ್ಲಿ ಬರೆದಿದೆಯೇ? ಬರೆಯದ ವಾಗ್ದಾನವು ಕಟ್ಟುವವನು ಬದಲಾದ ದಿನವೇ ಅಳಿಸಿಹೋಗುತ್ತದೆ.

ರೆಸ್ಟನ್‌ನಲ್ಲಿ ಕಟ್ಟುವವನು ಬೇಗನೆ ಬದಲಾದನು. ಮೊದಲ ನಿವಾಸಿಗಳು ಲೇಕ್ ಆ್ಯನ್ ಎಂಬ ಆ ಕೆರೆಯ ದಂಡೆಗೆ ಬಂದು ಎರಡು ಮೂರು ವರ್ಷಗಳೊಳಗಾಗಿ, 1967ರಲ್ಲಿ, ಬಂಡವಾಳ ಹೂಡಿದ್ದ ಗಲ್ಫ್ ತೈಲ ಸಂಸ್ಥೆಯು ಸೈಮನ್‌ರನ್ನು ಹೊರಗೆ ಕಳುಹಿಸಿತು. ಊರಿನ ಮೂಲ ನಕ್ಷೆ ಮಾತ್ರ ಹೆಚ್ಚು ಪಾಲು ಉಳಿಯಿತು. ಅನುಮೋದಿತ ನಕ್ಷೆ ಮತ್ತು ನಿವಾಸಿಗಳ ಸಂಘವನ್ನು ಬಂಧಿಸಿದ ಕರಾರುಗಳು ಇಲ್ಲದಿದ್ದರೆ ಅದು ಸಾಧ್ಯವಾಗುತ್ತಿತ್ತೆಂದು ನಾನು ಎಣಿಸಲಾರೆ.

2014ರಲ್ಲಿ ಮೆಟ್ರೋ ರೈಲು ರೆಸ್ಟನ್ನನ್ನು ಮುಟ್ಟಿತು. ನೆಲದ ಬೆಲೆಯೊಡನೆ ಒತ್ತಡವೂ ಏರಿ, ಆ 13ರ ಮಿತಿಯನ್ನು ಹೆಚ್ಚಿಸಬೇಕೆಂಬ ಸಲಹೆಯನ್ನು 2017ರಲ್ಲಿ ಕೌಂಟಿಯವರು ಮುಂದಿಟ್ಟರು. ನಿವಾಸಿಗಳು ಸಭೆಗಳಲ್ಲಿ ಕಿಕ್ಕಿರಿದು ನೆರೆದು, ರಸ್ತೆಗಳೆಲ್ಲಿ, ಶಾಲೆಗಳೆಲ್ಲಿ, ಇವು ಮನೆಗಳಿಗಿಂತ ಮುಂಚೆ ಬರುವುವೇ ಎಂದು ಪಟ್ಟುಹಿಡಿದು ಕೇಳಿದರು. 2019ರಲ್ಲಿ ಸಲಹೆಯನ್ನು ಹಿಂತೆಗೆಯಲಾಯಿತು.