ಗಡಿಯ ಎರಡೂ ಕಡೆಗೆ ಒಂದೇ ತಕ್ಕಡಿ

ಚೆರ್ಕಳದಿಂದ ಕಲ್ಲಡ್ಕಕ್ಕೆ ಹೋಗುವ ರಸ್ತೆ ನೆಕ್ರಾಜೆ ಸೀಮೆ, ಬದಿಯಡ್ಕ, ಪೆರ್ಲ ದಾಟಿ ಅಡ್ಯನಡ್ಕದ ಹತ್ತಿರ ಕರ್ನಾಟಕ ಸೇರುತ್ತದೆ. 1956ರಲ್ಲಿ ಕಾಸರಗೋಡು ಕೇರಳದ ಪಾಲಾದ ಸಂಕಟ ಈ ರಸ್ತೆಯುದ್ದಕ್ಕೂ ಇನ್ನೂ ಪೂರ್ತಿ ಆರಿಲ್ಲ. ಚಂದ್ರಗಿರಿ ಹೊಳೆಯ ಉತ್ತರಭಾಗ ಕರ್ನಾಟಕಕ್ಕೆ ಸೇರಲಿ ಎಂದು 1967ರಲ್ಲಿ ಮಹಾಜನ ಆಯೋಗ ಹೇಳಿತು; ನೆಕ್ರಾಜೆಯೂ ಹೊಳೆಯ ಉತ್ತರಕ್ಕೇ ಇದೆ. ವರದಿ ವರದಿಯಾಗಿಯೇ ಉಳಿಯಿತು.

ಆ ಸಿಟ್ಟನ್ನು ಕಲ್ಲು ಬಡಿಗೆಗೆ ಕೊಡದೆ ಇಟ್ಟುಕೊಂಡವರಲ್ಲಿ ಬದಿಯಡ್ಕದ ಕಯ್ಯಾರ ಕಿಞ್ಞಣ್ಣ ರೈ ಮುಖ್ಯರು. ಓದಿದ ತರುಣನಾಗಿದ್ದಾಗಲೇ ಗಾಂಧಿಯವರ ಚಳವಳಿಗೆ ಇಳಿದವರು. ಪೆರ್ಡಾಲದಲ್ಲಿ ಮೇಷ್ಟರು, ಊರಿಗೆ ಪಂಚಾಯತ್ ಅಧ್ಯಕ್ಷರು, ಮನೆಯಲ್ಲಿ ಕೃಷಿಕರು. ಕಾಸರಗೋಡು ಕರ್ನಾಟಕಕ್ಕೆ ಸೇರಬೇಕೆಂಬ ಹಟವನ್ನು ಕೊನೆಯವರೆಗೂ ಬಿಡಲಿಲ್ಲ. ನೂರು ತುಂಬಿ 2015ರ ಆಗಸ್ಟ್ 9ರಂದು ಹೋದರು, ಅದೂ ಕ್ವಿಟ್ ಇಂಡಿಯಾ ದಿನ. ಆತ್ಮಕಥೆಗೆ ಅವರು ಇಟ್ಟ ಹೆಸರು 'ದುಡಿತವೇ ನನ್ನ ದೇವರು'.

ದುಡಿದದ್ದಕ್ಕೆ ಬೆಲೆಯೇ ಸಿಗದಿದ್ದರೆ? ಎಪ್ಪತ್ತರ ದಶಕದ ಆರಂಭದಲ್ಲಿ ಅಡಿಕೆ ಧಾರಣೆ ನೆಲಕಚ್ಚಿತು. ತಿಂಗಳುಗಟ್ಟಲೆ ಅಂಗಳದಲ್ಲಿ ಒಣಗಿಸಿ, ಸುಲಿದು, ಪಟೋರ, ಉಳ್ಳಿ, ಕರಿಗೋಟು ಎಂದು ಹೆಕ್ಕಿ ಬೇರೆ ಮಾಡಿದ ಚೀಲವನ್ನು ವ್ಯಾಪಾರಿ ಹೇಳಿದ ದರಕ್ಕೆ ಕೊಟ್ಟು ಬರುವುದೊಂದೇ ದಾರಿ. ಆಗ ಅಡ್ಯನಡ್ಕದ ವಾರಣಾಶಿ ಸುಬ್ರಾಯ ಭಟ್ಟರು ಎರಡೂ ರಾಜ್ಯಗಳ ಬೆಳೆಗಾರರನ್ನು ಒಟ್ಟುಗೂಡಿಸಿದರು. 1973ರ ಜುಲೈ 11ರಂದು ಅಡಿಕೆ ಬೆಳೆಗಾರರ ಸಹಕಾರಿ ಮಾರಾಟ ಸಂಘ ಕ್ಯಾಂಪ್ಕೊ ಹುಟ್ಟಿತು. ಕರ್ನಾಟಕ, ಕೇರಳ ಎರಡೂ ಸರ್ಕಾರಗಳು ಕೈಜೋಡಿಸಿದವು.

ಮುಂದೆ ಕೊಕ್ಕೊದ ಸರದಿ. ಅಡಿಕೆಯ ನಡುವೆ ನೆಡಿ ಎಂದು ಹುರಿದುಂಬಿಸಿದ ಕಂಪೆನಿಗಳು ಖರೀದಿಯಿಂದ ಹಿಂದೆ ಸರಿದವು. ಅಡಿಕೆಯಾದರೆ ಅಟ್ಟದಲ್ಲಿಟ್ಟು ಕಾಯಬಹುದು. ಕೊಕ್ಕೊದ ಹಸಿಬೀಜ ಕೋಡಿನಿಂದ ಹೊರಬಿದ್ದರೆ ಕಾಯುವುದಿಲ್ಲ, ಹುಳಿಯುತ್ತದೆ. ಕ್ಯಾಂಪ್ಕೊ ಖರೀದಿಗಿಳಿಯಿತು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆಯಿತು.

ಸೌಹಾರ್ದ ಸಭೆಗಳಿಗಿಂತ ಇಂಥ ತಕ್ಕಡಿಯ ಮೇಲೆಯೇ ನನಗೆ ಹೆಚ್ಚು ನಂಬಿಕೆ. ಗಡಿ ಎಲ್ಲಿರಬೇಕು ಎಂಬುದರಲ್ಲಿ ಒಮ್ಮತವಿಲ್ಲದ ತುಳು, ಕನ್ನಡ, ಮಲಯಾಳ ಮಾತಿನವರು ಧಾರಣೆ ಬೀಳಬಾರದು ಎಂಬುದರಲ್ಲಿ ಮಾತ್ರ ಒಂದೇ. ಆದರೆ ಸಂಘ ಕಟ್ಟಿದ ತಲೆಮಾರು ದಾಟಿಹೋಗಿದೆ. ಡಿಗ್ರಿ ಮುಗಿಸಿದ ಮಕ್ಕಳಿಗೆ ಕೊಲ್ಲಿಯೋ ಬೆಂಗಳೂರೋ ಕಾಣುತ್ತದೆ, ತೋಟಕ್ಕೆ ಎಲೆಚುಕ್ಕಿ ರೋಗ ಬಂದಿದೆ. ಊರಲ್ಲೇ ಉಳಿದು ಹಾಳೆತಟ್ಟೆಯ ಯಂತ್ರ ಇಡುವ ಹುಡುಗರಿಗೂ ಮೊದಲ ತೊಡಕು ಬಂಡವಾಳದ್ದಲ್ಲ. ಮಾಡಿದ್ದನ್ನು ನಾಲ್ಕು ಜನ ಸೇರಿ ಮಾರುವ ವ್ಯವಸ್ಥೆ ಅವರಿಗಿಲ್ಲ. ಅಡಿಕೆಗೆ ಅದು ಐವತ್ತು ವರ್ಷಗಳ ಹಿಂದೆಯೇ ಸಿಕ್ಕಿತ್ತು.