ಬೇಲಿಗೆ ಬಳ್ಳಿಯ ತೆರೆ

ಮುಂಬಯಿಯಲ್ಲಿ ಮನೆಯ ಮುಂದೆ ನಾಲ್ಕು ಮಾರು ಮಣ್ಣು ದೊರೆಯುವುದೇ ದುರ್ಲಭ. ಆಂಟಾಪ್ ಹಿಲ್‌ನ ಕೇಂದ್ರ ಸರ್ಕಾರಿ ನೌಕರರ ವಸತಿಗೃಹಗಳಂತಹ ಬಡಾವಣೆಗಳಲ್ಲಿ ನೆಲ ಅಂತಸ್ತಿನವರಿಗೆ ಆ ಭಾಗ್ಯ ಒದಗಿದರೂ, ಹಾದಿಹೋಕರ ದೃಷ್ಟಿಯೂ ರಸ್ತೆಯ ಧೂಳೂ ತಂತಿಬೇಲಿಯನ್ನು ದಾಟಿ ನೇರವಾಗಿ ಒಳಮನೆಗೆ ಬರುತ್ತವೆ. ಗೋಡೆ ಕಟ್ಟಿಸಲು ಹಣ ಬೇಕು, ಅನುಮತಿ ಬೇಕು. ಬಳ್ಳಿ ಹಬ್ಬಿಸಲು ಒಂದು ಮಳೆಗಾಲ ಸಾಕು. ಆದರೆ ಬೇಗನೆ ಹಬ್ಬುವುದೊಂದೇ ಬಳ್ಳಿಯ ಯೋಗ್ಯತೆಯಲ್ಲ. ಬೇಲಿಯ ಬಳ್ಳಿಯು ಮಕ್ಕಳ ಕೈಗೆ ಎಟಕುತ್ತದೆ, ಅಡುಗೆಮನೆಯನ್ನೂ ಔಷಧದ ಬಟ್ಟಲನ್ನೂ ಸೇರುತ್ತದೆ. ಆದುದರಿಂದ ಅದನ್ನು ಆರಿಸುವಾಗ ಮನೆಯವರ ಆರೋಗ್ಯವನ್ನೂ ಲಕ್ಷಿಸುವುದು ಅವಶ್ಯ.

ಕರಾವಳಿಯಿಂದ ಬಂದ ಕನ್ನಡಿಗರಿಗೆ ಮೊದಲು ನೆನಪಾಗುವುದು ಬಸಳೆ. ಮರಾಠಿಯಲ್ಲಿ ಇದಕ್ಕೆ ಮಾಯಾಳೂ ಎಂದು ಹೆಸರು. ಜೂನ್ ತಿಂಗಳ ಮೊದಲ ಮಳೆ ಬೀಳುತ್ತಲೇ ಗೇಣುದ್ದದ ದಂಟುಗಳನ್ನು ಒಂದೊಂದು ಅಡಿ ಅಂತರದಲ್ಲಿ ನೆಟ್ಟು, ಬೇಲಿಯ ತಂತಿಗೆ ಸೆಣಬಿನ ಹುರಿಯನ್ನು ಅಡ್ಡಡ್ಡ ಕಟ್ಟಿದರೆ, ಕೆಲವೇ ವಾರಗಳಲ್ಲಿ ದಪ್ಪ ಎಲೆಗಳ ತೆರೆ ಸಿದ್ಧವಾಗುತ್ತದೆ. ತುದಿಗಳನ್ನು ಚಿವುಟಿದಷ್ಟೂ ಕವಲುಗಳು ಹೆಚ್ಚಿ ತೆರೆ ದಟ್ಟವಾಗುವುದು. ಚಿವುಟಿದ ಕುಡಿ ಅಂದಿನ ಸಾಂಬಾರಿಗೆ ಒದಗುವುದು. ಎ ಮತ್ತು ಸಿ ಜೀವಸತ್ತ್ವಗಳೂ ಕಬ್ಬಿಣದ ಅಂಶವೂ ಈ ಸೊಪ್ಪಿನಲ್ಲಿವೆ. ಆದರೆ ಇದರಲ್ಲಿ ಆಕ್ಸಲೇಟ್ ಅಂಶವೂ ಅಧಿಕವಾಗಿರುವುದರಿಂದ, ಮೂತ್ರಪಿಂಡದಲ್ಲಿ ಕಲ್ಲಿನ ತೊಂದರೆಯುಳ್ಳವರು ವೈದ್ಯರನ್ನು ವಿಚಾರಿಸಿ ಮಿತವಾಗಿ ಸೇವಿಸತಕ್ಕದ್ದು.

ಬಹುಕಾಲ ಬಾಳುವ ತೆರೆಗೆ ತೊಂಡೆ ಉತ್ತಮ. ತೊಂಡೆಯಲ್ಲಿ ಗಂಡು ಬಳ್ಳಿ, ಹೆಣ್ಣು ಬಳ್ಳಿ ಬೇರೆ ಬೇರೆ. ಆದ್ದರಿಂದ ಕಾಯಿ ಬಿಟ್ಟ ಬಳ್ಳಿಯಿಂದಲೇ ಕಾಂಡದ ತುಂಡುಗಳನ್ನು ತಂದು ನೆಡಬೇಕು. ಅದು ಬಲಿಯುವವರೆಗೆ ನಡುನಡುವೆ ಹಾಗಲ, ಅವರೆ ಬೀಜಗಳನ್ನು ಬಿತ್ತಿದರೆ ತೆರವು ಮುಚ್ಚುತ್ತದೆ. ಶಂಖಪುಷ್ಪವೂ ಅವರೆಯ ಕುಲದ್ದೇ. ಅದರ ಬೇರಿನ ಗಂಟುಗಳು ಮಣ್ಣಿಗೆ ಸಾರಜನಕವನ್ನು ಕೂಡಿಸುತ್ತವೆ.

ಅಮೃತಬಳ್ಳಿಯ ವಿಷಯದಲ್ಲಿ ಮಾತ್ರ ವಿಶೇಷ ಎಚ್ಚರ ಬೇಕು. ಆರೈಕೆಯಿಲ್ಲದೆ ಬೇಲಿಯನ್ನು ತುಂಬುವ ಈ ಬಳ್ಳಿಯು ಕೋವಿಡ್ ಕಾಲದಲ್ಲಿ ಅನೇಕರ ಮನೆಯ ಕಷಾಯವಾಯಿತು. 2020ರ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ಮುಂಬಯಿಯ ವೈದ್ಯರು ಇದನ್ನು ಸೇವಿಸಿದ್ದ ಆರು ರೋಗಿಗಳಲ್ಲಿ ಯಕೃತ್ತಿನ ಉರಿಯೂತವನ್ನು ಕಂಡು, 2021ರಲ್ಲಿ ಅದನ್ನು ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಬಳಸಿದ ಮೂಲಿಕೆ ನಿಜವಾದ ಅಮೃತಬಳ್ಳಿಯೇ ಎಂಬುದನ್ನು ಗುರುತಿಸದೆ ಹಾಗೆ ಹೇಳಲಾಗದೆಂದು ಆಯುಷ್ ಸಚಿವಾಲಯವು ಆಕ್ಷೇಪಿಸಿತು. ಅದನ್ನೇ ಹೋಲುವ ಬೇರೊಂದು ಬಳ್ಳಿಯೂ ಉಂಟು. ವಾದ ಯಾವುದಿದ್ದರೂ ಗೃಹಸ್ಥನಿಗೆ ಪಾಠ ಒಂದೇ: ಬೇಲಿಯಲ್ಲಿ ಅದು ಚೆಲುವಾಗಿ ಬೆಳೆಯಲಿ, ವೈದ್ಯರ ಸಲಹೆಯಿಲ್ಲದೆ ಬಟ್ಟಲಿಗೆ ಇಳಿಯದಿರಲಿ.

ಗುಲಗಂಜಿಯನ್ನಂತೂ ಮಕ್ಕಳಿರುವ ಮನೆಯ ಬೇಲಿಗೆ ಸೇರಿಸಲೇಬಾರದು. ಕಪ್ಪು ಚುಕ್ಕೆಯ ಆ ಕೆಂಪು ಬೀಜ ನೋಡಲು ಮಣಿಯಂತಿದ್ದರೂ, ಜಗಿದು ನುಂಗಿದರೆ ಪ್ರಾಣಾಂತಿಕ ವಿಷ.

ಇನ್ನು ಪಾಲನೆಯ ಮಾತು. ಬಳ್ಳಿಯನ್ನು ಬೇಲಿಗೆ ಹಬ್ಬಿಸಬೇಕೇ ಹೊರತು ಮನೆಯ ಗೋಡೆಗಲ್ಲ. ಮುಂಬಯಿಯ ಮಳೆಗಾಲದಲ್ಲಿ ಗಾಳಿಬೆಳಕಿಲ್ಲದ ಗೋಡೆ ಒಣಗದೆ ಬೂಷ್ಟು ಹಿಡಿಯುತ್ತದೆ. ಉಬ್ಬಸವಿರುವವರಿಗೆ ಬೂಷ್ಟು ಪರಮ ವೈರಿ. ಕುಂಡಗಳ ಕೆಳಗಿನ ತಟ್ಟೆಯಲ್ಲಿ ನಿಂತ ನೀರು ಡೆಂಗ್ಯೂ ಹರಡುವ ಸೊಳ್ಳೆಗೆ ತೊಟ್ಟಿಲು. ಅದರ ಮೊಟ್ಟೆಗಳು ಒಣ ತಟ್ಟೆಯ ಅಂಚಿನಲ್ಲಿಯೂ ತಿಂಗಳುಗಟ್ಟಲೆ ಬದುಕಬಲ್ಲವು. ಆದಕಾರಣ ವಾರಕ್ಕೊಮ್ಮೆಯಾದರೂ ನೀರು ಚೆಲ್ಲಿ, ಅಂಚನ್ನು ಚೆನ್ನಾಗಿ ಉಜ್ಜಿ ಒಣಗಿಸತಕ್ಕದ್ದು. ಚರಂಡಿಯ ನೀರನ್ನು ಬಳ್ಳಿಗೆ ಹಾಯಿಸಬಾರದು. ರಸ್ತೆಬದಿಯ ಸೊಪ್ಪನ್ನು ಹಲವು ಸಲ ತೊಳೆದೇ ಬೇಯಿಸಬೇಕು.

ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರಾರು ಎಂಬ ಮಾತು ನಮ್ಮಲ್ಲಿ ಪ್ರಸಿದ್ಧ. ತಿಳಿದು ನೆಟ್ಟು, ಅರಿತು ಬಳಸಿದಲ್ಲಿ ನಗರದ ಇಕ್ಕಟ್ಟಿನ ಬಾಳಿನಲ್ಲಿಯೂ ಬೇಲಿಯ ಬಳ್ಳಿಯು ನೆರಳನ್ನೂ, ಮರೆಯನ್ನೂ, ಊಟಕ್ಕೊಂದು ಹಸಿರನ್ನೂ ನೀಡಿ ಮನೆಯನ್ನು ಕಾಯಬಲ್ಲದು.